ವರ್ಷದ ಕಸ

೧

ಎಲ್ಲಿಂದ ಶುರು ಮಾಡುವುದು ಎನ್ನುವ ವಿಷಯದಲ್ಲೇ ಈ ಕಥೆಯ ಕಥೆಗಾರನಿಗೂ ಕಥಾನಾಯಕನಿಗೂ ಮನಸ್ತಾಪ ಬಂದಿದೆ. ಕಥೆಗಾರನಿಗೆ ಬಸ್‌ಸ್ಟಾಪಿನಿಂದ ಶುರು ಮಾಡುವ ಆಸೆ. ಒಂದು ಭಾನುವಾರದ ಮಧ್ಯಾಹ್ನ, ಬೆಂಚಿನ ಮೇಲೆ ಅಕ್ಕ ತಮ್ಮ, ತಲೆಯ ಮೇಲೊಂದು ಬೋರ್ಡು. ಓದುಗರಿಗೆ ತಕ್ಷಣ ಕಣ್ಣಿಗೆ ಕಟ್ಟುತ್ತದೆ, ಕಥೆಗಾರನಿಗೂ ಹೆಚ್ಚು ಬೆವರು ಹರಿಸುವ ಕೆಲಸವಿಲ್ಲ. ಕಥಾನಾಯಕ ಒಪ್ಪುತ್ತಿಲ್ಲ.

"ನಾನು ತಲೆ ತಗ್ಗಿಸ್ಕೊಂಡು ನಿಂತಿರೋ ಹೊತ್ತಲ್ಲೇ ಜನಕ್ಕೆ ಪರಿಚಯ ಮಾಡಿಸ್ತೀಯಲ್ಲ, ಇದು ಯಾವ ನ್ಯಾಯ? ಇಷ್ಟು ವರ್ಷ ಮಾಡಿದ ಕೆಲಸ ಇದೆ. ಮೊದಲು ಅದನ್ನ ಹೇಳು. ಆಮೇಲೆ ಬೇಕಾದ್ರೆ ಮಾನ ಕಳಿ."

(ಪಾತ್ರಗಳಿಗೆ ಸಲುಗೆ ಕೊಟ್ಟರೆ ಆಗುವುದು ಹೀಗೆಯೇ, ಓದುಗರೇ. ಇಂದು ಶುರುವನ್ನು ಕೇಳುತ್ತವೆ, ನಾಳೆ ಮುಕ್ತಾಯವನ್ನೂ ಕೇಳುತ್ತವೆ.)

ಮೂರು ಕರಡು ಹರಿದದ್ದಾಯಿತು. ಮೊದಲನೆಯದು "ತಂತ್ರಜ್ಞಾನವು ಇಂದಿನ ಮಾನವನ" ಎಂದು ಆರಂಭವಾಗಿತ್ತು. ಮೂರನೇ ಪದಕ್ಕೆ ಬರುವಷ್ಟರಲ್ಲಿ ಕಥೆಗಾರನಿಗೇ ಆಕಳಿಕೆ ಬಂತು. ಎರಡನೆಯದರಲ್ಲಿ ನಾಯಕ ಬೆಳಗ್ಗೆ ಎದ್ದು ಕನ್ನಡಿ ನೋಡಿಕೊಳ್ಳುತ್ತಿದ್ದ. ಕನ್ನಡಿ ನೋಡಿಕೊಳ್ಳುವ ನಾಯಕರು ಈಗಾಗಲೇ ಬೇಕಾದಷ್ಟಿದ್ದಾರೆ. ಮೂರನೆಯದರ ಕೊನೆಯಲ್ಲಿ ಎಲ್ಲರೂ ಎಲ್ಲರನ್ನೂ ಕ್ಷಮಿಸಿಬಿಟ್ಟಿದ್ದರು. ಅದನ್ನು ಓದಿಕೊಂಡು ಕಥೆಗಾರನಿಗೆ ಮುಖ ಬಿಸಿಯಾಯಿತು, ಏಕೆಂದರೆ ಆ ಕ್ಷಮೆಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ, ಯಾರೂ ಕೊಟ್ಟೂ ಇರಲಿಲ್ಲ. ಕಥೆಗೆ ಮಂಗಳ ಹಾಡುವ ಅವಸರಕ್ಕೆ ಅವನೇ ಹಂಚಿದ್ದ.

ಆಗಲಿ, ನಾಯಕನ ಮಾತೇ ನಡೆಯಲಿ. ಮೊದಲು ಅವನ ಕೆಲಸ.

೨

ಎಲ್ಲರೂ ಅವನನ್ನು ಯಜಮಾನ ಎನ್ನುತ್ತಾರೆ. ಅರ್ಧ ಗೌರವ, ಅರ್ಧ ಕೀಟಲೆ. ಅವನು ಯಜಮಾನನಾಗಿರುವುದು 'ಬಂತು' ಎಂಬ ಒಂದು ಸಾಫ್ಟ್‌ವೇರಿಗೆ. ನೀವು ಬಸ್‌ಸ್ಟಾಪಿನಲ್ಲಿ ನಿಂತಾಗ ತಲೆಯ ಮೇಲಿನ ಬೋರ್ಡು "ಇನ್ನು ನಾಲ್ಕು ನಿಮಿಷ", "ಇನ್ನು ಎರಡು ನಿಮಿಷ", "ಬರುತ್ತಿದೆ" ಎಂದು ತೋರಿಸುತ್ತದಲ್ಲ, ಅದರ ಒಳಗಿರುವುದು ಇದು. ಎಷ್ಟೋ ಊರುಗಳ ಬೋರ್ಡಿನಲ್ಲಿ ಇದೆ. ಓಪನ್ ಸೋರ್ಸ್: ಎಂದರೆ ಯಾರು ಬೇಕಾದರೂ ಒಳಗನ್ನು ತೆರೆದು ನೋಡಬಹುದು, ತಪ್ಪು ಕಂಡರೆ ತೇಪೆ ಬರೆದು ಕಳಿಸಬಹುದು. ತೇಪೆ ಚೆನ್ನಾಗಿದ್ದರೆ ಯಜಮಾನ ಸೇರಿಸಿಕೊಳ್ಳುತ್ತಾನೆ, ಇಲ್ಲದಿದ್ದರೆ ಇಲ್ಲ. ಯಾರಿಗೂ ಬಿಡಿಗಾಸಿನ ಸಂಬಳವಿಲ್ಲ.

ಹಗಲು ಹೊತ್ತು ಅವನು ನೀರು ಸರಬರಾಜು ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿರುತ್ತಾನೆ. ಸಂಜೆ ಮನೆಗೆ ಬಂದು ವಾಷಿಂಗ್ ಮಷೀನು ಇಟ್ಟಿರುವ ಚಿಕ್ಕ ಕೋಣೆಯಲ್ಲಿ ಕೂರುತ್ತಾನೆ. ಮೇಜಿಗೆ ಜಾಗವಿರುವುದು ಅಲ್ಲೊಂದೇ. ಮಷೀನು ಬಟ್ಟೆ ಹಿಂಡಲು ಶುರು ಮಾಡಿದರೆ ಮೇಜು ನಡುಗುತ್ತದೆ, ಲೋಟ ಒಂದು ಬೆರಳಿನಷ್ಟು ಸರಿಯುತ್ತದೆ, ಅವನು ಕಣ್ಣೆತ್ತದೆ ಅದನ್ನು ಹಿಂದಕ್ಕಿಟ್ಟು ಟೈಪ್ ಮಾಡುತ್ತಾನೆ. 'ಬಂತು' ಹುಟ್ಟಿ ಬೆಳೆದದ್ದು ಒದ್ದೆ ಬಟ್ಟೆಯ ಈ ವಾಸನೆಯಲ್ಲೇ.

'ಬಂತು'ವಿನ ಮುಖಪುಟದಲ್ಲಿ ಅವನು ಬರೆದಿಟ್ಟ ಒಂದು ಸಾಲಿದೆ: "ನೀವು ಯಾರು ಎಂಬುದು ನಮಗೆ ಬೇಕಿಲ್ಲ. ಕೆಲಸ ಮಾತಾಡಲಿ." ಇದನ್ನು ಅವನು ಮನಸಾರೆ ನಂಬಿದ್ದ. ನಂಬಲು ಕಾರಣವೂ ಇತ್ತು. ಕಚೇರಿಯಲ್ಲಿ ಅವನಿಗೆ ಬರಬೇಕಾಗಿದ್ದ ಕುರ್ಚಿಯಲ್ಲಿ ದೊಡ್ಡ ಸಾಹೇಬರ ಭಾವಮೈದುನ ಕೂತಿದ್ದಾನೆ. ಆತನಿಗೆ ಪಾಸ್‌ವರ್ಡ್ ಬದಲಿಸಲೂ ಯಜಮಾನನೇ ಬೇಕು. ಭಾವಮೈದುನರಿಲ್ಲದ ಲೋಕವೊಂದು ಇರಬೇಕೆಂದು ಅವನು ಆಸೆಪಟ್ಟ, ಅದನ್ನು ವಾಷಿಂಗ್ ಮಷೀನಿನ ಪಕ್ಕದಲ್ಲಿ ಕಟ್ಟಿಕೊಂಡ. ಅಲ್ಲಿ ಯೋಗ್ಯತೆ ಒಂದೇ ನೆಂಟಸ್ತಿಕೆ.

"ಈಗ ಸರಿ," ಎಂದ ಯಜಮಾನ. "ಈಗ ಮುಂದೆ ಹೋಗು."

೩

'ಬಂತು' ಬಳಗದಲ್ಲಿ ಒಂದು ಪದ್ಧತಿಯಿತ್ತು. ವರ್ಷಕ್ಕೊಮ್ಮೆ ಎಲ್ಲರೂ ವಿಡಿಯೋದಲ್ಲಿ ಸೇರುತ್ತಿದ್ದರು. ವರದಿ, ಲೆಕ್ಕ, ಮುಂದಿನ ಯೋಜನೆ ಎಲ್ಲ ಮುಗಿದ ಮೇಲೆ ಕೊನೆಯ ಐಟಂ: 'ವರ್ಷದ ಕಸ'. ಆ ವರ್ಷ ತಿರಸ್ಕರಿಸಿದ ತೇಪೆಗಳಲ್ಲಿ ಅತಿ ಕೆಟ್ಟದ್ದನ್ನು ಆರಿಸಿ ಯಜಮಾನ ಓದುತ್ತಿದ್ದ. ಬರೆದವರ ಹೆಸರು ಹೇಳುತ್ತಿರಲಿಲ್ಲ, ಏಕೆಂದರೆ ಇಲ್ಲಿ ಕೆಲಸವನ್ನು ನೋಡುತ್ತಾರೆಯೇ ಹೊರತು ಮನುಷ್ಯರನ್ನಲ್ಲ. ಜನ ವರದಿಯ ಹೊತ್ತಿನಲ್ಲಿ ಕ್ಯಾಮೆರಾ ಆರಿಸಿಕೊಂಡು ಅಡುಗೆಮನೆಗೆ ಹೋದರೂ ಕಸದ ಹೊತ್ತಿಗೆ ತಪ್ಪದೆ ವಾಪಸು ಬರುತ್ತಿದ್ದರು.

ಒಂದು ವರ್ಷ ಓದಿದ್ದು ಗುಬ್ಬಿಯ ತೇಪೆ. ಗುಬ್ಬಿ ಎನ್ನುವುದು ಅವಳು ಇಟ್ಟುಕೊಂಡ ಹೆಸರು. ಕೃತಕ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಅವಳ ಕೆಲಸ. ಪ್ರೋಗ್ರಾಮಿಂಗನ್ನು ವಿಡಿಯೋ ನೋಡಿ ಕಲಿತವಳು. ತೇಪೆ ನಿಜಕ್ಕೂ ಕೆಟ್ಟದಾಗಿತ್ತು. ಕಥೆಗಾರ ಈ ವಿಷಯದಲ್ಲಿ ಯಾರ ದಾಕ್ಷಿಣ್ಯವನ್ನೂ ಇಟ್ಟುಕೊಂಡಿಲ್ಲ. ಒಂದೇ ಸೂಚನೆಯನ್ನು ಮತ್ತೆ ಮತ್ತೆ ನಡೆಸುವ ಎರಡು ಸಾಲಿನ ಲೂಪಿನಲ್ಲಿ ಮುಗಿಯುವುದನ್ನು ಅವಳು ಒಂದೊಂದು ಗಂಟೆಗೂ ಬೇರೆ ಬೇರೆ ಬರೆದಿದ್ದಳು.

ಯಜಮಾನ ಗಂಟಲು ಸರಿಮಾಡಿಕೊಂಡು ವಾರ್ತೆ ಓದುವವರ ಧಾಟಿಯಲ್ಲಿ ಶುರು ಮಾಡಿದ. "ಗಂಟೆ ಒಂದಾಗಿದ್ದರೆ, ನೋಡು. ಗಂಟೆ ಎರಡಾಗಿದ್ದರೆ, ನೋಡು. ಗಂಟೆ ಮೂರಾಗಿದ್ದರೆ..." ಐದಕ್ಕೆ ಒಬ್ಬ ಕಿಸಕ್ಕೆಂದ. ಹನ್ನೊಂದಕ್ಕೆ ಪರದೆಯ ಮೇಲಿನ ಮುಖಗಳ ಚೌಕಗಳೆಲ್ಲ ಅಲುಗಾಡುತ್ತಿದ್ದವು. ಯಜಮಾನ ಒಂದನ್ನೂ ಬಿಡಲಿಲ್ಲ. ಇಪ್ಪತ್ತನಾಲ್ಕಕ್ಕೆ ಬಂದು, ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು ಮುಂದಿನ ಸಾಲು ಓದಿದ: "ಗಂಟೆ ಇಪ್ಪತ್ತೈದಾಗಿದ್ದರೆ." ಅದರ ಪಕ್ಕದಲ್ಲಿ ಅವಳು ಟಿಪ್ಪಣಿ ಬರೆದಿದ್ದಳು: "ಇದು ಆಗಲ್ಲ ಅನ್ಕೊಂಡಿದೀನಿ. ಆದ್ರೂ ಇರಲಿ."

"ಪುಣ್ಯವಂತರು," ಎಂದ ಯಜಮಾನ. "ನಮಗೆಲ್ಲ ದಿನಕ್ಕೆ ಇಪ್ಪತ್ತನಾಲ್ಕು ಗಂಟೆ ಸಾಲಲ್ಲ. ಇವರ ಹತ್ರ ಒಂದು ಸ್ಟಾಕಲ್ಲಿದೆ."

ಒಬ್ಬನಂತೂ ನಗುತ್ತ ಕುರ್ಚಿಯಿಂದ ಜಾರಿ ಚೌಕದಿಂದಲೇ ಮಾಯವಾದ. ಗುಬ್ಬಿಯ ಚೌಕವೂ ಅಲ್ಲಿತ್ತು, ಎರಡನೇ ಸಾಲಿನ ತುದಿಯಲ್ಲಿ. ಅವಳೂ ನಗುತ್ತಿದ್ದಳು. ಬಾಯಿಗೆ ಅಂಗೈ ಅಡ್ಡ ಹಿಡಿದು, ಹೆಗಲು ಕುಣಿಸುತ್ತ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

ತೇಪೆಯ ಮೇಲ್ತುದಿಯಲ್ಲಿ ಅವಳು ಅದು ಯಾಕೆಂದು ವಿವರಿಸಿ ಇನ್ನೊಂದು ಸಾಲು ಬರೆದಿದ್ದಳು. ಯಜಮಾನ ಅದನ್ನು ಓದಲಿಲ್ಲ. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ.

೪

ಇಲ್ಲಿ ಯಜಮಾನನ ಬಾಲ್ಯವಿತ್ತು. ಒಂದು ಶಾಲೆಯ ಕೋಣೆ, ಒಂದು ಕಪ್ಪುಹಲಗೆ, ತಪ್ಪು ಮಾಡಿದ ಲೆಕ್ಕವನ್ನು ಅವನಿಂದಲೇ ಜೋರಾಗಿ ಓದಿಸಿದ ಒಬ್ಬ ಮೇಷ್ಟ್ರು. ಯಜಮಾನ ಅದನ್ನು ನೋಡಿ, "ಇದು ಬೇಡ. ತೆಗಿ," ಎಂದ. ಯಾಕೆಂದು ಹೇಳಲಿಲ್ಲ. ಕಥಾನಾಯಕನೇ ಕೇಳಿದ ಮೇಲೆ ಕಥೆಗಾರ ಮರುಮಾತಾಡದೆ ತೆಗೆದ. ಇಂಥವುಗಳಲ್ಲಿ ಸ್ವಲ್ಪ ಸೂಕ್ಷ್ಮವಾಗಿ ಇರಬೇಕಾಗುತ್ತದೆ.

೫

ಆಮೇಲೆ ಕೆಲವು ವರ್ಷ ಕಳೆದು ವಕೀಲ ಬಂದ. ಅವನೇನು ಕರಿ ಕೋಟಿನ ವಕೀಲನಲ್ಲ, 'ಬಂತು'ವಿನಲ್ಲಿ ಯಜಮಾನನ ಬಲಗೈ. ಮಾತಾಡಿದರೆ ಕಲಮು, ಉಪಕಲಮು ಎನ್ನುತ್ತಾನೆಂದು ಆ ಹೆಸರು. ಅವನು ಬಳಗದ ಚರ್ಚೆಯ ಪುಟದಲ್ಲಿ ಒಂದು ಪ್ರಸ್ತಾಪ ಹಾಕಿದ: 'ಬಂತು'ವಿಗೆ ಒಂದು ನಡತೆಯ ಸಂಹಿತೆ ಬೇಕು. ಯಾರೂ ಯಾರನ್ನೂ ಹೀಯಾಳಿಸಬಾರದು. ತಿರಸ್ಕರಿಸುವಾಗ ಕಾರಣ ಕೊಡಬೇಕು, ನಗೆಪಾಟಲು ಮಾಡಬಾರದು. 'ವರ್ಷದ ಕಸ' ನಿಲ್ಲಬೇಕು.

ಚರ್ಚೆ ಕಾವೇರಿತು. ಕೋಡಿನ ತೇಪೆಗೆ ವಾರಗಟ್ಟಲೆ ಉತ್ತರಿಸದವರೆಲ್ಲ ಗಂಟೆಗೊಂದು ಪುಟ ಬರೆದರು. "ಇವತ್ತು ನಗಬಾರದು ಅಂತೀರಿ, ನಾಳೆ ಕೆಟ್ಟ ಕೋಡನ್ನ ಕೆಟ್ಟದ್ದು ಅನ್ನಬಾರದು ಅಂತೀರಿ," ಎಂದ ಒಬ್ಬ. "ಇಷ್ಟು ದಿನ ನಾನು ಸುಮ್ಮನಿದ್ದೆ, ಆದರೆ," ಎಂದು ಶುರು ಮಾಡಿದಳೊಬ್ಬಳು; ಆ ಸಾಲನ್ನು ಅವಳು ಪೂರ್ತಿ ಮಾಡಲಿಲ್ಲ, ಆಮೇಲೆ ಅಳಿಸಿಯೂ ಬಿಟ್ಟಳು.

ಯಜಮಾನ ಬರೆದ: "ಸಂಹಿತೆ ನಮ್ಮ ಕೋಡಿಗಿಂತ ಉದ್ದ ಇದೆ. ಮೂಗಿಗಿಂತ ಮೂಗುತಿ ಭಾರ. ಇಲ್ಲಿ ಯಾರಿಗೂ ಮುಖ ನೋಡಿ ಮಣೆ ಹಾಕಿಲ್ಲ. ಮುಖ ನೋಡೋಕೆ ಶುರು ಮಾಡಿದ ದಿನ ಭಾವಮೈದುನರು ಬರ್ತಾರೆ."

ವಕೀಲ ಯಾರ ಹೆಸರನ್ನೂ ಹೇಳದೆ ಉತ್ತರಿಸಿದ: "ಹಿಂದೊಮ್ಮೆ ಒಬ್ಬರ ತೇಪೆಯನ್ನು ಎಲ್ಲರ ಮುಂದೆ ಓದಿ ನಗಲಾಯಿತು. ಅವರು ಮತ್ತೆ ಏನನ್ನೂ ಕಳಿಸಲಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಯಜಮಾನನ ಉತ್ತರ ತಕ್ಷಣ ಬಂತು: "ನನ್ನ ಬಗ್ಗೆ ಹೇಳ್ತಿದೀಯ, ಗೊತ್ತು. ಆ ತೇಪೆ ಕಸಾನೇ. ಬರೆದವರೇ ನಕ್ಕಿದಾರೆ. ವಿಡಿಯೋ ಇದೆ, ಹಾಕಿ ನೋಡಿ. ನೋವಾದವರು ಹಾಗೆ ನಗ್ತಾರಾ?"

ವಿಡಿಯೋದಲ್ಲಿ ಗುಬ್ಬಿ ನಗುತ್ತಿದ್ದದ್ದು ನಿಜವೇ ಆಗಿತ್ತು. ಸೋಮವಾರ ಮತಕ್ಕೆ ಹಾಕುವುದೆಂದು ತೀರ್ಮಾನವಾಯಿತು. ಮತ ಎಲ್ಲರಿಗೂ ಇದ್ದರೂ ಯಜಮಾನ ಬೇಡವೆಂದರೆ ಬೇಡ. 'ಬಂತು'ವಿನ ಕೀಲಿಕೈ ಅವನ ಬಳಿ ಇದೆ.

(ಈ ನಡುವೆ ವಕೀಲ ಕಥೆಗಾರನನ್ನೂ ಬಿಡಲಿಲ್ಲ. "ನಿಮ್ಮ ಕಥೆಗೆ ಸಂಹಿತೆ ಇದೆಯಾ ಸಾರ್? ಪಾತ್ರಗಳನ್ನ ಹೆಂಗೆ ನಡೆಸ್ಕೋಬೇಕು ಅಂತ?" ಎಂದ. ಇದು ಕಥೆಯಪ್ಪ, ಇಲ್ಲಿ ಯಾರ ಮುಲಾಜೂ ಇಲ್ಲ, ಚೆನ್ನಾಗಿರುವ ಸಾಲು ಉಳಿಯುತ್ತದೆ, ಇಲ್ಲದ್ದು ಹೋಗುತ್ತದೆ ಎಂದು ಕಥೆಗಾರ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದ. ವಕೀಲ ತಲೆಯಾಡಿಸಿ ಹೊರಟುಹೋದ. ಆ ತಲೆಯಾಟದ ಅರ್ಥ ಕಥೆಗಾರನಿಗೆ ಆಗ ಆಗಲಿಲ್ಲ.)

೬

ಈಗ ಬಸ್‌ಸ್ಟಾಪು. ಇಷ್ಟು ಹೊತ್ತು ತಡೆದು ಇಟ್ಟುಕೊಂಡದ್ದು.

ಮತದ ಹಿಂದಿನ ದಿನ, ಭಾನುವಾರ. ಯಜಮಾನನ ಅಕ್ಕನಿಗೆ ಹೋದ ವಾರ ಕಣ್ಣಿನ ಪೊರೆ ತೆಗೆದಿದ್ದರು. ಕಪ್ಪು ಕನ್ನಡಕ, ಬಗ್ಗುವ ಹಾಗಿಲ್ಲ, ಬಿಸಿಲಿಗೆ ಮುಖ ಎತ್ತುವ ಹಾಗಿಲ್ಲ. ಅವಳನ್ನು ಅವಳ ಮಗಳ ಮನೆಗೆ ಊಟಕ್ಕೆ ಕರೆದೊಯ್ದು ವಾಪಸು ಕರೆತರುತ್ತಿದ್ದ. ಆಟೋ ಹಿಡಿಯೋಣವೆಂದರೆ ಅವಳು ಕೇಳಲಿಲ್ಲ. "ತಮ್ಮ ಬಸ್ ಬೋರ್ಡು ಮಾಡಿದಾನೆ, ಅಕ್ಕ ಆಟೋದಲ್ಲಿ ಹೋಗ್ಬೇಕಾ? ನಡಿ," ಎಂದಳು. ಅವಳು ಎಲ್ಲರಿಗೂ ಹೀಗೇ ಹೇಳಿಕೊಂಡು ತಿರುಗುತ್ತಾಳೆ.

ಬೆಂಚಿನ ಕಬ್ಬಿಣ ಕಾದಿತ್ತು. ಅವನು ಕರವಸ್ತ್ರ ಹಾಸಿ ಅವಳನ್ನು ಕೂರಿಸಿದ. ಎದುರುಗಡೆ ಬೀಗ ರಿಪೇರಿ ಅಂಗಡಿ, ಅದರಾಚೆ ಮುಚ್ಚಿದ ಬ್ಯಾಂಕು.

"ಏನಂತೆ ನಿನ್ನ ಬೋರ್ಡು?" ಎಂದಳು ಅಕ್ಕ.

"ಬರುತ್ತಿದೆ ಅಂತಿದೆ."

ಸ್ವಲ್ಪ ಹೊತ್ತು ಬಿಟ್ಟು ಅವಳು ಮಗಳ ಮನೆಯ ಫ್ರಿಜ್ಜಿನ ಸದ್ದಿನ ಬಗ್ಗೆ ಮಾತಾಡಿದಳು. ಮತ್ತೆ ಕೇಳಿದಳು. "ಈಗ?"

"ಬರುತ್ತಿದೆ."

ಬ್ಯಾಂಕಿನ ನೆರಳು ರಸ್ತೆ ದಾಟಿ ಅವರ ಕಾಲಿನವರೆಗೂ ಬಂತು. ಅಕ್ಕ ಚೀಲವನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಬದಲಿಸಿದಳು. ಅವಳು ಕೇಳುತ್ತಲೇ ಇದ್ದಳು, ಅವನು ಅದೇ ಪದವನ್ನು ಓದಿ ಹೇಳುತ್ತಲೇ ಇದ್ದ. ಕೊನೆಗೆ ಬೀಗ ರಿಪೇರಿಯವನು ಷಟರ್ ಎಳೆಯುತ್ತ ಇತ್ತ ನೋಡಿದ.

"ಭಾನುವಾರ ಕೊನೇ ಬಸ್ಸು ಊಟದ ಹೊತ್ತಿಗೇ ಹೋಗುತ್ತೆ ಅಣ್ಣ. ಬೋರ್ಡು ನಂಬ್ಕೊಂಡು ಕೂತ್ರಾ? ಅದು ಯಾವಾಗ್ಲೂ ಬರ್ತಿದೆ ಅಂತಾನೇ ಇರುತ್ತೆ. ದಿನಾ ಯಾರಾದ್ರೂ ಒಬ್ಬರು ಸಿಕ್ಕಾಕೊಳ್ತಾರೆ." ಬೀಗ ಹಾಕಿ ಎಳೆದು ನೋಡಿದ. "ಯಾವ ಪುಣ್ಯಾತ್ಮ ಮಾಡಿದನೋ."

ಅಕ್ಕ ಕಪ್ಪು ಕನ್ನಡಕವನ್ನು ತಮ್ಮನ ಕಡೆ ತಿರುಗಿಸಿದಳು. "ಇದು ನೀನು ಮಾಡಿದ್ದೇ ಅಲ್ವೇನೋ?"

"ಅಲ್ಲ," ಎಂದ ಯಜಮಾನ. "ಇದು ಬೇರೆ ಯಾರದ್ದೋ."

ಅಕ್ಕ ಚೀಲವನ್ನು ಹೆಗಲಿಗೇರಿಸಿದಳು. ಎದ್ದು, ಕರವಸ್ತ್ರ ತಡವಿ ಮಡಚಿ ಅವನ ಕೈಗೆ ಕೊಟ್ಟಳು. ಆಟೋದಲ್ಲಿ ಮನೆ ಸೇರುವವರೆಗೂ ಅವಳು ಆ ಬೋರ್ಡಿನ ಸುದ್ದಿ ಎತ್ತಲಿಲ್ಲ. ಸುಳ್ಳು ಹೇಳಿದ್ದು ಅವಳಿಗೆ ಗೊತ್ತಾಗಿದೆ ಎಂಬುದು ಅವನಿಗೆ ಗೊತ್ತಾಯಿತು. ನೆಲ ಬಾಯಿಬಿಟ್ಟಿದ್ದರೆ ಆಟೋ ಸಮೇತ ಇಳಿದುಹೋಗುತ್ತಿದ್ದ.

(ಮಾಡಿದ್ದುಣ್ಣೋ ಮಹಾರಾಯ ಎಂದು ನಾಯಕನನ್ನು ಅವನದೇ ಬೋರ್ಡಿನ ಕೆಳಗೆ ಕೂರಿಸುವುದು ತೀರ ಅಗ್ಗವಾಯಿತು ಎಂದು ಕಥೆಗಾರನಿಗೂ ಅನ್ನಿಸಿದೆ. ಹೊಡೆದುಹಾಕಲು ಹೊರಟಿದ್ದ. ಯಜಮಾನನೇ ತಡೆದ. "ಅದಿರಲಿ. ಅದು ನಡೆದಿದ್ದು," ಎಂದ. ನಾಯಕ ಕೇಳಿದ, ಹಾಗಾಗಿ ಉಳಿಯಿತು.)

೭

ಮನೆಗೆ ಬಂದವನು ನೇರ ವಾಷಿಂಗ್ ಮಷೀನಿನ ಕೋಣೆಗೆ ಹೋಗಿ ಗುಬ್ಬಿಯ ತೇಪೆಯನ್ನು ಹುಡುಕಿ ತೆಗೆದ. ತಿರಸ್ಕರಿಸಿದ್ದೂ ಅಲ್ಲಿ ಅಳಿಯುವುದಿಲ್ಲ. ಮೇಲ್ತುದಿಯ ಸಾಲನ್ನು ಮೊದಲ ಬಾರಿಗೆ ಓದಿದ: "ಕೊನೇ ಬಸ್ ಹೋದಮೇಲೂ ಬೋರ್ಡು 'ಬರುತ್ತಿದೆ' ಅಂತಲೇ ತೋರಿಸುತ್ತೆ. ಜನ ಕಾಯ್ತಾರೆ. 'ಇವತ್ತಿಗೆ ಮುಗಿಯಿತು' ಅಂತ ತೋರಿಸಿದರೆ ಮನೆಗೆ ಹೋಗಬಹುದು."

ಅದನ್ನು ಸರಿಮಾಡಲು ಅವನಿಗೆ ನಾಲ್ಕು ಸಾಲು ಸಾಕಾಯಿತು. ಮುದ್ದಾದ ನಾಲ್ಕು ಸಾಲು. ಬರೆದು ಮುಗಿಸಿ, ಹೆಮ್ಮೆ ತುಟಿಯವರೆಗೆ ಬರುತ್ತಿದೆ ಎನ್ನುವಾಗ ಪರದೆ ಎಂದಿನಂತೆ ಕೇಳಿತು: ಬರೆದವರ ಹೆಸರು? ಅವನ ಬೆರಳು ತನ್ನ ಹೆಸರಿನ ಮೊದಲ ಅಕ್ಷರದ ಮೇಲೆ ಅಭ್ಯಾಸಬಲದಿಂದ ಹೋಗಿ ಕೂತಿತ್ತು. ಅದನ್ನು ನೋಡಿ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

ಮರುದಿನ ಬೆಳಗ್ಗೆ ವಕೀಲನಿಂದ ಗುಬ್ಬಿಯ ನಂಬರು ಪಡೆದು, ಕಚೇರಿಯ ಮೆಟ್ಟಿಲ ಸಂದಿಯಲ್ಲಿ ನಿಂತು ಫೋನ್ ಮಾಡಿದ. ಆ ಕಡೆ ಏನೋ ಉಜ್ಜುವ ಯಂತ್ರದ ಸದ್ದು.

"ನಾನು 'ಬಂತು' ಕಡೆಯಿಂದ..."

"ಗೊತ್ತಾಯ್ತು ಯಜಮಾನ್ರೇ. ಆ ದನಿ ಮರೆಯೋ ಹಾಗಿಲ್ಲ." ಯಂತ್ರ ನಿಂತಿತು.

ಅವನು ರಿಹರ್ಸಲ್ ಮಾಡಿಕೊಂಡು ಬಂದದ್ದನ್ನೆಲ್ಲ ಹೇಳಿದ. ತಪ್ಪಾಯಿತು ಎಂದ. ಹೊಟ್ಟೆಗೆ ಹಾಕ್ಕೊಳ್ಳಿ ಎಂದ. ಅಲ್ಲಿಗೆ ನಿಲ್ಲಿಸಬಹುದಿತ್ತು. "ನೀವೂ ನಗ್ತಿದ್ರಲ್ಲ, ಅದಕ್ಕೇ ನಾನು ಅಂದ್ಕೊಂಡೆ..." ಎಂದೂ ಹೇಳಿಬಿಟ್ಟ.

"ನಗದೆ ಇನ್ನೇನ್ ಮಾಡ್ಲಿ?" ಎಂದಳು ಗುಬ್ಬಿ. "ಎಲ್ಲರ ಮುಖ ಕಾಣ್ತಿತ್ತು. ನೀವು ಹೆಸರು ಹೇಳಿರ್ಲಿಲ್ಲ. ನಾನೊಬ್ಬಳು ನಗದೆ ಕೂತಿದ್ರೆ ಅದು ನಂದೇ ಅಂತ ಎಲ್ಲರಿಗೂ ಗೊತ್ತಾಗೋದು."

ಮೆಟ್ಟಿಲಲ್ಲಿ ಯಾರೋ ಫೈಲು ಹಿಡಿದು ಇಳಿದುಹೋದರು.

"ನಮ್ಮ ಲ್ಯಾಬಲ್ಲೂ ಸೆಟ್ಟು ಕೆಡುತ್ತೆ," ಎಂದಳು ಅವಳು. "ನಾನು ಸೇರಿದ ಹೊಸದ್ರಲ್ಲಿ ಕೆಳಗಿನ ದವಡೇನ ಮೇಲಿಂದು ಅಂತ ಮಾಡಿಟ್ಟಿದ್ದೆ. ನಮ್ಮ ಮೇಡಂ ನೋಡಿ, 'ಇದನ್ನ ಹಾಕ್ಕೊಂಡೋರು ತಲೆಕೆಳಗಾಗಿ ಊಟ ಮಾಡ್ಬೇಕು' ಅಂದ್ರು. ನನ್ನೊಬ್ಬಳ ಹತ್ರ ಅಂದ್ರು. ಇಬ್ರೂ ನಕ್ವಿ. ಆಮೇಲೆ ಹೆಂಗೆ ಮಾಡೋದು ಅಂತ ಕೂರಿಸ್ಕೊಂಡು ತೋರಿಸಿದ್ರು. ಅಷ್ಟೇ. ಹಲ್ಲು ಕಟ್ಟೋರು ಯಾರ ಹಲ್ಲನ್ನೂ ಸಂತೇಲಿ ತೋರಿಸಲ್ಲ."

"ಆ ದಿನದ್ದು ನನಗೆ..."

"ಆ ದಿನದ್ದು ಬಿಡಿ. ನನಗೆ ಬೇಜಾರಿರೋದು ಅದರ ಮುಂದಿನ ವರ್ಷದ್ದು. ಆಗಲೂ ಬಂದಿದ್ದೆ. ನೀವು ಇನ್ಯಾರದ್ದೋ ಓದೋಕೆ ಶುರು ಮಾಡಿದ್ರಿ. ಎಲ್ಲರಿಗಿಂತ ಮೊದಲು ನಾನೇ ನಕ್ಕೆ. ಸದ್ಯ, ಈ ಸಲ ಸಿಕ್ಕಿಬಿದ್ದಿರೋದು ನಾನಲ್ಲ ಅಂತ. ಆಮೇಲೆ ಯಾರದಿರಬಹುದು ಅಂತ ಒಂದೊಂದೇ ಮುಖ ನೋಡ್ತಾ ಹೋದೆ. ಎಲ್ಲರೂ ನಗ್ತಿದ್ರು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು.

"ತೇಪೆಗೆ ನಿಮ್ಮ ಹೆಸರು ಹಾಕ್ಲಾ?" ಎಂದ ಕೊನೆಗೆ.

"ಬೇಡ. ಬೋರ್ಡು ಸರಿಮಾಡಿ, ಸಾಕು. ಎರಡು ದವಡೆ ಕೆಲಸ ಬಾಕಿ ಇದೆ, ಫೋನ್ ಇಡ್ತೀನಿ." ಯಂತ್ರ ಮತ್ತೆ ಶುರುವಾಯಿತು.

೮

ಇಲ್ಲಿ ಒಂದಕ್ಕಿಂತ ಹೆಚ್ಚು ಮುಕ್ತಾಯಗಳು ಸಾಧ್ಯ. ಕಥೆಗಾರ ಎಲ್ಲವನ್ನೂ ಬರೆದು ನೋಡಿದ್ದಾನೆ.

ಮೊದಲ ಮುಕ್ತಾಯ: ಗುಬ್ಬಿ ಬೇರೆ ಯಾರೂ ಅಲ್ಲ, ಯಜಮಾನನ ಸ್ವಂತ ಮಗಳು. (ಯಜಮಾನನಿಗೆ ಮಕ್ಕಳಿಲ್ಲ. ಇದಕ್ಕೆಂದೇ ಒಬ್ಬಳನ್ನು ಹುಟ್ಟಿಸಬೇಕಾಗುತ್ತಿತ್ತು. ಕೈಬಿಡಲಾಗಿದೆ.)

ಎರಡನೇ ಮುಕ್ತಾಯ: ಯಜಮಾನ ಬೇಡವೆಂದು ಮತ ಹಾಕಿ, ತೇಪೆಗೆ ತನ್ನ ಹೆಸರಿಟ್ಟು ನಿದ್ದೆ ಹೋಗುತ್ತಾನೆ. (ಇದನ್ನು ಓದಿ ಅವನು ಕಥೆಗಾರನ ಮುಖವನ್ನೇ ನೋಡಿದ. ಅಷ್ಟೇ. ಅಳಿಸಿದ್ದಾಯಿತು.)

ನಿಜವಾಗಿ ನಡೆದದ್ದು ಮೂರನೆಯದು. ಮತಕ್ಕೆ ಮೊದಲು ಯಜಮಾನ ಚರ್ಚೆಯ ಪುಟದಲ್ಲಿ ಬರೆದ: "ಅವರು ನಕ್ಕರು ಎಂದು ನಾನು ಸಾಕ್ಷಿ ಕೊಟ್ಟಿದ್ದೆ. ಆ ಸಾಕ್ಷಿ ಸುಳ್ಳು. ನಗದೆ ಕೂರಲು ನಾನು ಅವರಿಗೆ ಜಾಗವೇ ಬಿಟ್ಟಿರಲಿಲ್ಲ. ತೇಪೆ ಕೆಟ್ಟದಾಗಿತ್ತು, ಅವರು ತೋರಿಸಿದ ತಪ್ಪು ನಿಜವಾಗಿತ್ತು. ಮೊದಲನೆಯದನ್ನು ಓದಿ ನಗುವ ಆತುರದಲ್ಲಿ ಎರಡನೆಯದನ್ನು ನಾನು ಓದಲೇ ಇಲ್ಲ. ಇಷ್ಟು ವರ್ಷ ಜನ ಬಾರದ ಬಸ್ಸಿಗೆ ಕಾದಿದ್ದಾರೆ. ಸಂಹಿತೆಗೆ ನನ್ನ ಒಪ್ಪಿಗೆಯಿದೆ. ವರ್ಷದ ಕಸ ಇನ್ನು ಮುಂದೆ ಇಲ್ಲ."

'ಕಳಿಸು' ಒತ್ತಿದ. ಬೈಗುಳ ಬರುತ್ತವೆಂದು ಕಾದು ಕೂತ. ಬೈಗುಳ ಬೇಕಾಗಿತ್ತು ಕೂಡ.

ಬಂದದ್ದು ಹೊಗಳಿಕೆ. "ಇದಕ್ಕೇ ನೀವು ಯಜಮಾನ್ರು." "ಇಂಥ ದೊಡ್ಡ ಮನಸ್ಸು ಎಲ್ಲಿ ಸಿಗುತ್ತೆ." "ಬಳಗಕ್ಕೇ ಮಾದರಿ." ಒಬ್ಬ ಅದನ್ನು ಬೇರೆ ಬಳಗಗಳಿಗೂ ಹಂಚಿದ. ಕುರ್ಚಿಯಿಂದ ಜಾರಿದ್ದವನು ಕಣ್ಣೀರಿನ ಚಿತ್ರ ಹಾಕಿದ. 'ಬಂತು'ವಿನ ಇಷ್ಟು ವರ್ಷಗಳಲ್ಲಿ ಯಜಮಾನನ ಯಾವ ಕೋಡಿಗೂ ಅಷ್ಟು ಮೆಚ್ಚುಗೆ ಬಂದಿರಲಿಲ್ಲ. ಸಂಹಿತೆ ಪಾಸಾಯಿತು. ಗುಬ್ಬಿಯ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಆ ತೇಪೆ ಯಾರದ್ದೆಂದು ಅವರಿಗೆ ಗೊತ್ತೇ ಇರಲಿಲ್ಲ.

ಯಜಮಾನ ಅವನ್ನೆಲ್ಲ ಓದಿದ. ಓದುತ್ತ ಓದುತ್ತ ಒಳಗೆಲ್ಲೋ ಹಿತವಾಯಿತು. ಹಿತವಾಗುತ್ತಿದೆ ಎಂದು ತಿಳಿದ ಕೂಡಲೇ ಲ್ಯಾಪ್‌ಟಾಪನ್ನು ಮುಚ್ಚಿ ಮೇಲೆ ಎರಡೂ ಕೈ ಇಟ್ಟು ಕೂತ. ಅಕ್ಕನಿಗೆ ಫೋನ್ ಮಾಡಿ, "ಆ ಬೋರ್ಡು ನಂದೇ ಕಣೇ," ಎಂದ. "ಗೊತ್ತು ಬಿಡೋ," ಎಂದಳು ಅಕ್ಕ. "ನಾಳೆ ಕಣ್ಣಿಗೆ ಡ್ರಾಪ್ಸ್ ಹಾಕೋಕೆ ಬಾ."

೯

ಇಲ್ಲಿಗೆ ಮುಗಿಸಬಹುದಿತ್ತು. ಡ್ರಾಪ್ಸು ಒಳ್ಳೆಯ ಮುಕ್ತಾಯ. ಕಥೆಗಾರ ಪೆನ್ನಿಗೆ ಮುಚ್ಚಳ ಹಾಕುವುದರಲ್ಲಿದ್ದ, ಅಷ್ಟರಲ್ಲಿ ಗುಬ್ಬಿ ಬಂದಳು. ಕೈಯೆಲ್ಲ ಪ್ಲಾಸ್ಟರಿನ ಬಿಳಿ ಪುಡಿ.

"ನಿಮ್ಮ ಕಥೆಗೆ ಒಂದು ತೇಪೆ ತಂದಿದೀನಿ," ಎಂದಳು. "ಚಿಕ್ಕದು. ಮೂರನೇ ಭಾಗದಲ್ಲಿ ನನ್ನ ಕೋಡು ಓದಿದೀರಲ್ಲ, ಗಂಟೆ ಒಂದು, ಗಂಟೆ ಎರಡು, ಇಪ್ಪತ್ತೈದು ಅಂತ, ಅದನ್ನ ತೆಗೀರಿ. ಒಂದು ಕೆಟ್ಟ ತೇಪೆ ಓದಿದರು ಅಂತ ಇದ್ರೆ ಸಾಕು."

ಕಥೆಗಾರ ಅವಳಿಗೆ ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ. ಅವನು ಸಮಾಧಾನವಾಗಿ ವಿವರಿಸಿದ. ನೋಡಮ್ಮ, ಇಡೀ ಕಥೆಯಲ್ಲಿ ಜನ ಮನಸ್ಸು ಬಿಚ್ಚಿ ನಗುವ ಜಾಗ ಅದೊಂದೇ. ಅಲ್ಲಿ ನಕ್ಕರೆ ತಾನೇ ಆಮೇಲೆ ಚುಚ್ಚುವುದು? ಅದು ಇದ್ದರೆ ಕಥೆಗೆ ಬೆಲೆ. ಅಲ್ಲದೆ ನಿನ್ನ ನಿಜವಾದ ಹೆಸರನ್ನೇನು ಹೇಳಿಲ್ಲವಲ್ಲ.

ಕೊನೆಯ ವಾಕ್ಯ ಬಾಯಿಂದ ಬಿದ್ದ ಮೇಲೆ ಅದು ಯಾರ ವಾಕ್ಯವೆಂದು ಅವನಿಗೆ ಕೇಳಿಸಿತು.

"ಓದೋರು ನಕ್ಕಿದಾರಾ?" ಎಂದು ಕೇಳಿದಳು ಗುಬ್ಬಿ.

(ನಕ್ಕಿದ್ದೀರಿ, ಓದುಗರೇ. ಇಪ್ಪತ್ತೈದನೇ ಗಂಟೆಗೆ. ಕಥೆಗಾರ ಅದಕ್ಕೆಂದೇ ಇಪ್ಪತ್ತನಾಲ್ಕರಲ್ಲಿ ಒಂದು ಕ್ಷಣ ನಿಲ್ಲಿಸಿ ಯಜಮಾನನಿಂದ ಕನ್ನಡಕ ಸರಿಮಾಡಿಸಿದ್ದು. ಆ ಕನ್ನಡಕ ಯಜಮಾನನದ್ದಲ್ಲ, ಅವನು ಕನ್ನಡಕ ಹಾಕುವುದೇ ಇಲ್ಲ. ಅದು ಕಥೆಗಾರ ಸೇರಿಸಿದ್ದು.)

"ಯಜಮಾನ್ರು ಕೇಳಿದ್ದಕ್ಕೆ ನಾಲ್ಕನೇ ಭಾಗ ತೆಗೆದ್ರಿ," ಎಂದಳು ಅವಳು. "ಯಾಕೆ ಅಂತ ಕೂಡ ಕೇಳಲಿಲ್ಲ. ಅವರು ಹೇಳಿದ್ದಕ್ಕೆ ಬಸ್‌ಸ್ಟಾಪು ಉಳಿಸಿದ್ರಿ. ಅವರು ನೋಡಿದ್ದಕ್ಕೇ ಒಂದು ಮುಕ್ತಾಯ ಅಳಿಸಿದ್ರಿ. ನಾನು ಬಾಯಿಬಿಟ್ಟು ಕೇಳ್ತಿದೀನಿ."

ಅವಳು ಹೇಳಿದ್ದು ಕಾಗದದ ಮೇಲೆಯೇ ಇತ್ತು. ಕಥೆಗಾರನಿಗೆ ಕಿವಿಯವರೆಗೂ ನಾಚಿಕೆಯಾಯಿತು. ನಾಚಿಕೆಯಾದದ್ದು ನಿಜ, ಸುಳ್ಳಲ್ಲ. ಅದನ್ನೂ ಅವನು ಈಗ ಬರೆದಿದ್ದಾನೆ, ಒಳ್ಳೆಯ ಸಾಲಾದೀತೆಂದು.

"ನೋಡ್ತೀನಿ," ಎಂದ. "ಖಂಡಿತ ನೋಡ್ತೀನಿ. ಸ್ವಲ್ಪ ಸಮಯ ಕೊಡು."

ಗುಬ್ಬಿ ಆ ಮಾತು ಮೊದಲೂ ಕೇಳಿದವಳು. ನಗಲಿಲ್ಲ. ಕೈಯ ಪುಡಿಯನ್ನು ಸೆರಗಿಗೂ ಒರೆಸಿಕೊಳ್ಳದೆ, ಮೇಜಿಗೂ ತಾಗಿಸದೆ, ಬಾಗಿಲ ಬಳಿ ನಿಂತಳು. "ಆಯ್ತು. ಕಾಯ್ತೀನಿ," ಎಂದಳು.

ಅವಳು ಅಲ್ಲೇ ನಿಂತಿದ್ದಾಳೆ. ಕಥೆಗಾರ ಮೂರನೇ ಭಾಗವನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದಾನೆ. ಇದು ನಿಮ್ಮ ಕೈಗೆ ಬರುವ ಹೊತ್ತಿಗೆ ಅದನ್ನು ತೆಗೆದಿರಬೇಕೆಂದು ಅವನ ಆಸೆ. ನಿಮಗೆ ಅದು ಓದಲು ಸಿಕ್ಕಿತೋ ಇಲ್ಲವೋ ಎಂಬುದು ಅವನಿಗಿಂತ ನಿಮಗೇ ಚೆನ್ನಾಗಿ ಗೊತ್ತು.